ಅಪ್ಪನ ಹಿಮ್ಮಡಿ ಊರಿದ ಜಾಗ

ಇದು ಕಳೆದ ವರ್ಷ ಮಳೆ ಬಿಟ್ಟ ಮೇಲೆ ನಡೆದದ್ದು. ನಮ್ಮ ಮನೆ ಸೀತಾಂಗೋಳಿಯಲ್ಲಿ. ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಅಂಬಾಸಿಡರ್ ಕಾರನ್ನು ಈಗ ನಾನು ಓಡಿಸುತ್ತೇನೆ. "ಇದನ್ನು ಕೊಟ್ಟು ಒಂದು ಚಿಕ್ಕ ಕಾರು ತೆಗೆದುಕೊಳ್ಳಬಾರದಾ?" ಎಂದು ಯಾರಾದರೂ ಕೇಳಿದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ.

ಅಪ್ಪ ಚಪ್ಪಲಿ ಹಾಕಿಕೊಂಡು ಕಾರು ಓಡಿಸಿದವರಲ್ಲ. ಅನ್ನ ಕೊಡುವ ಗಾಡಿಯನ್ನು ಚಪ್ಪಲಿ ಕಾಲಲ್ಲಿ ತುಳಿಯಬಾರದು ಎಂಬುದು ಅವರ ಲೆಕ್ಕ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು, ಅದನ್ನು ಒಳಗಿಡಲು ಮರೆಯುತ್ತಿದ್ದರು. ಅಮ್ಮ ಜೊತೆಗಿದ್ದರೆ ಬಚಾವ್. ಅವಳು ಗೊಣಗುತ್ತ ಕಾರಿಗೆ ಒಂದು ಸುತ್ತು ಬಂದು, ಚಪ್ಪಲಿ ಹೆಕ್ಕಿ, ತನ್ನ ಸೀಟಿನ ಅಡಿಗೆ ತಳ್ಳುತ್ತಿದ್ದಳು. ಅಮ್ಮ ಇಲ್ಲದ ಒಂದು ದಿನ ಅಪ್ಪ ಅಗಲ್ಪಾಡಿಯ ಮದುವೆಗೆ ಹೋಗಿ ಬರಿಗಾಲಲ್ಲಿ ಇಳಿದರು. ಅಲ್ಲಿದ್ದವರು ಯಾವುದೋ ವ್ರತವೆಂದುಕೊಂಡರಂತೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮುಂದಿನ ಸೀಟಿನಲ್ಲಿ ಕೂರುವುದನ್ನೇ ಬಿಟ್ಟಳು. "ಹಿಂದೆಯೇ ಆರಾಮ" ಎನ್ನುತ್ತಿದ್ದಳು. ಹೆತ್ತ ತಾಯಿ ಬಾಡಿಗೆಗೆ ಬಂದವರ ಹಾಗೆ ಹಿಂದೆ ಕೂತರೆ ಮಗಳಿಗೆ ಹೇಗಾಗಬೇಡ? ಎಷ್ಟು ಕರೆದರೂ ಅವಳು ಮುಂದೆ ಬರಲಿಲ್ಲ.

ಆ ಮಳೆಗಾಲದಲ್ಲಿ ಬಾಗಿಲ ಸಂದಿಯಿಂದ ನೀರಿಳಿದು ಕಾರಿನ ಕಾರ್ಪೆಟ್ ಕೊಳೆಯತೊಡಗಿತ್ತು. ಅಡಿಯ ತಗಡಿಗೆ ತುಕ್ಕು ಹಿಡಿದಿತ್ತು. ಬದಲಿಸುವ ಎಂದರೆ ಅಮ್ಮ ಒಪ್ಪಲಿಲ್ಲ.

"ಎಂತಕ್ಕೆ? ನನಗೆ ವಾಸನೆ ಬರುವುದಿಲ್ಲಪ್ಪ."

"ನಿನಗೆ ಮೂಗು ಉಂಟಾ ಅಮ್ಮ?" ಎಂದು ರೇಗಿಸಿದೆ. ಕೊನೆಗೆ ನಾನು ಹಠ ಹಿಡಿದು ಹೊರಟಾಗ, ತಾನೂ ಬರುತ್ತೇನೆಂದು ಹಿಂದೆ ಹತ್ತಿ ಕೂತಳು.

ನಾಯ್ಮಾರ್ಮೂಲೆಯಲ್ಲಿ ಮೂಸಚ್ಚ ಎಂಬವರ ಅಂಗಡಿ ಉಂಟು. ಕಾರಿನ ಸೀಟು, ಕಾರ್ಪೆಟ್ ಹೊಲಿಯುವುದು ಅವರ ಕೆಲಸ. ನಮಗೆ ಅವರ ಪರಿಚಯವಿರಲಿಲ್ಲ. ಅವರು ಸೀಟು ಬಿಚ್ಚಿ ಹೊರಗಿಟ್ಟು, ಡ್ರೈವರ್ ಬದಿಯ ಕಾರ್ಪೆಟ್ಟಿಗೆ ಕೈಹಾಕಿದ್ದೇ ಅಮ್ಮ, "ಒಂದು ನಿಮಿಷ ನಿಲ್ಲಿ" ಎಂದಳು.

ಬಗ್ಗಿ ಆಕ್ಸಿಲರೇಟರಿನ ಬುಡದಲ್ಲಿ ಅಂಗೈ ಇಟ್ಟಳು. ಅಲ್ಲಿ ಕಾರ್ಪೆಟ್ ಸವೆದು ಒಂದು ಗುಳಿ ಬಿದ್ದಿತ್ತು. ವರ್ಷಗಟ್ಟಲೆ ಅಪ್ಪನ ಹಿಮ್ಮಡಿ ಊರಿದ ಜಾಗ ಅದು. ನಾನು ದಿನಾ ಅಲ್ಲೇ ಕಾಲಿಟ್ಟರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಬಟ್ಟೆ ಎಲ್ಲ ಕೊಟ್ಟಾಯಿತು. ಚಪ್ಪಲಿಯೂ ಹೋಯಿತು. ಅವರ ಕಾಲು ಇಲ್ಲಿ ಮಾತ್ರ ಉಳಿದದ್ದು" ಎಂದಳು.

"ಬೇಡ ಮೂಸಚ್ಚ, ಹಾಗೆಯೇ ಇರಲಿ ಬಿಡಿ" ಎಂದೆ.

"ಹಾಗೆ ಬಿಟ್ಟರೆ ಬರುವ ಮಳೆಗೆ ಇದೂ ಇಲ್ಲ, ಅಡಿಯ ತಗಡೂ ಇಲ್ಲ ಅಕ್ಕ" ಎಂದ ಮೂಸಚ್ಚ, ಅಮ್ಮನ ಕಡೆ ತಿರುಗಿದರು. "ಅಮ್ಮ, ಇದು ನನ್ನ ಹತ್ತಿರ ಇರಲಿ. ಬಿಸಾಡುವುದಿಲ್ಲ, ಆಯಿತಾ?"

ಅಮ್ಮ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ತಲೆಯಾಡಿಸಿದಳು. ಕಾರನ್ನು ಅಲ್ಲೇ ಬಿಟ್ಟು ನಾವು ಬಸ್ಸಿನಲ್ಲಿ ಮನೆಗೆ ಬಂದೆವು.

ಮುಂದಿನ ವಾರ ಹೋದಾಗ ಕಾರಿನೊಳಗೆ ಹೊಸ ಕಂದು ಬಣ್ಣದ ಕಾರ್ಪೆಟ್ ಹಾಸಿತ್ತು. ಆಕ್ಸಿಲರೇಟರಿನ ಬುಡದಲ್ಲಿ ಮಾತ್ರ ಅದೇ ಹಳೆಯ ತುಂಡು. ಮೂಸಚ್ಚ ಅದನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಸುತ್ತ ಅಂಚು ಹೊಲಿದು ಇದ್ದ ಜಾಗದಲ್ಲೇ ಕೂರಿಸಿದ್ದರು.

"ಕಾಲೂರುವ ಜಾಗಕ್ಕೆ ಹೇಗೂ ಒಂದು ರೆಕ್ಸಿನ್ ತುಂಡು ಹಾಕುತ್ತೇವೆ. ಅದರ ಬದಲಿಗೆ ಇದು, ಅಷ್ಟೆ" ಎಂದರು.

ಅಮ್ಮ ಕೈಮುಗಿದಳು. "ಎಂತದಮ್ಮ ಇದು, ಕೈ ಮುಗಿಯುವುದೆಲ್ಲ" ಎಂದು ನಾಚಿಕೊಂಡು ಅವರು ಒಳಗೆ ಹೋದರು.

ಆ ತುಂಡಿನ ಮೇಲೆ ಚಪ್ಪಲಿ ಕಾಲಿಡಲು ನನಗೆ ಮನಸ್ಸು ಬರಲಿಲ್ಲ. ಚಪ್ಪಲಿ ಕಳಚಿ ಹತ್ತಿದೆ. ಬರಿಗಾಲು ಊರಿದರೆ, ಗುಳಿ ನನ್ನ ಹಿಮ್ಮಡಿಗಿಂತ ದೊಡ್ಡದು. ಕಣ್ಣು ತುಂಬಿ ಬಂತು. ನಾನು ಕಣ್ಣೊರೆಸಿಕೊಳ್ಳುವಾಗ ಅಮ್ಮ ಕಾರಿಗೆ ಒಂದು ಸುತ್ತು ಬಂದಳು. ಕೆಲಸ ಹೇಗಾಗಿದೆ ಎಂದು ನೋಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಬಂದು ಕೂತಳು. ಏನಾದರೂ ಕೇಳಿದರೆ ಎಲ್ಲಿ ಹಿಂದಕ್ಕೆ ಹೋಗುತ್ತಾಳೋ ಎಂದು ಹೆದರಿ ಬೇಗ ಕಾರು ಹೊರಡಿಸಿದೆ.

ಮನೆಯಂಗಳದಲ್ಲಿ ಕಾಲು ಕೆಳಗಿಟ್ಟಾಗ ಜಲ್ಲಿ ಚುಚ್ಚಿತು. "ಅಯ್ಯೋ, ನನ್ನ ಚಪ್ಪಲಿ ನಾಯ್ಮಾರ್ಮೂಲೆಯಲ್ಲೇ ಬಾಕಿ ಆಯಿತಮ್ಮ" ಎಂದೆ.

ಅಮ್ಮ ಬಗ್ಗಿ ತನ್ನ ಸೀಟಿನ ಅಡಿಯಿಂದ ನನ್ನ ಚಪ್ಪಲಿ ಎಳೆದು ಕೊಟ್ಟಳು. "ಮೊದಲು ಅಪ್ಪನದ್ದು, ಈಗ ಮಗಳದ್ದು. ನನಗೆ ಇದೇ ಕೆಲಸ" ಎಂದು ಗೊಣಗಿದಳು. ಅಪ್ಪ ಹೋದ ಮೇಲೆ ಆ ಗೊಣಗಾಟ ಕೇಳಿದ್ದು ಅದೇ ಮೊದಲು.

ಈಗ ಅಮ್ಮ ಮುಂದೆಯೇ ಕೂರುತ್ತಾಳೆ. ನನಗೇನೂ ಅಪ್ಪನಷ್ಟು ಮರೆವಿಲ್ಲ. ಆದರೂ ಪ್ರತಿ ಸಲ ಚಪ್ಪಲಿ ಹೊರಗೇ ಬಿಟ್ಟು ಹತ್ತುತ್ತೇನೆ.