ಅಮ್ಮ ಸೈಕಲ್ ಕಲಿತ ವರ್ಷ

ಕೆರೆಯಂಚಿನ ಜೊಂಡಿಗೆ ಬೆಳಗಿನ ಬಿಸಿಲು ತಾಗಿ, ಅದರ ಬುಡದ ಕೆಸರು ಇನ್ನೂ ತಣ್ಣಗಿರುವಾಗ ಒಂದು ವಾಸನೆ ಏಳುತ್ತದೆ. ಹಸಿ ಹುಲ್ಲು, ಮೀನು, ನಿಂತ ನೀರು ಎಲ್ಲ ಸ್ವಲ್ಪ ಸ್ವಲ್ಪ ಬೆರೆತದ್ದು. ಅನ್ನಪೂರ್ಣೇಶ್ವರಿ ನಗರಕ್ಕೆ ಮನೆ ಬದಲಾಯಿಸಿದ ಮೇಲೆ ನಾನು ಬೆಳಗಿನ ಹೊತ್ತು ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆಯಲು ಹೋಗುತ್ತೇನೆ. ಈಗ ಅಲ್ಲಿ ಕಲ್ಲು ಹಾಸಿದ ದಾರಿಯಿದೆ, ತಂತಿ ಬೇಲಿಯಿದೆ, ಕೂರಲು ಸಿಮೆಂಟಿನ ಬೆಂಚುಗಳಿವೆ. ಮೊನ್ನೆ ಬೇಲಿಯ ಒಂದು ಮೂಲೆಯಲ್ಲಿ ಆ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಹಿಂದಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು "ಆಂಟಿ, ಸುಸ್ತಾಯ್ತಾ?" ಎಂದು ಕೇಳಿದಳು. ಇಲ್ಲಮ್ಮ ಎಂದು ಕೈಯಾಡಿಸಿ ಕಳಿಸಿದೆ. ನಾನು ಎಪ್ಪತ್ತರ ದಶಕದ ಒಂದು ಭಾನುವಾರಕ್ಕೆ ಹೋಗಿ, ಅಪ್ಪನ ಸೈಕಲ್ಲಿನ ಬಾರ್ ಮೇಲೆ ಕೂತಿದ್ದೆ. ಈ ಕಡೆಯೇ ಬೆಳೆದವರಾದರೆ ನಿಮಗೂ ಇಂಥದೊಂದು ಕೆರೆ ಇದ್ದೀತು. ಹೆಸರು ಬೇರೆ, ಅಷ್ಟೆ.

ನಮ್ಮ ಮನೆ ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿತ್ತು. ನಡುಮನೆ, ಅಡುಗೆಮನೆ, ಒಂದು ಕೋಣೆ, ಹಿತ್ತಲಲ್ಲಿ ಒಗೆಯುವ ಕಲ್ಲು, ಅದಕ್ಕೆ ನೆರಳು ಕೊಡುವ ಸೀಬೆಮರ. ಅಪ್ಪ, ಅಮ್ಮ, ಅಪ್ಪನ ತಾಯಿ, ನಾನು, ಇಷ್ಟೇ ಜನ. ಅಪ್ಪ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರಾಗಿದ್ದರು. ವಾರವೆಲ್ಲ ನಟ್ಟು ಬೋಲ್ಟುಗಳ ಲೆಕ್ಕ ಬರೆಯುವ ಮನುಷ್ಯ ಭಾನುವಾರ ಬಂತೆಂದರೆ ಬೇರೆಯೇ ಆಗುತ್ತಿದ್ದರು. ಬೆಳಿಗ್ಗೆ ಎದ್ದವರೇ ಸೈಕಲ್ಲನ್ನು ಹೊಸ್ತಿಲ ಮುಂದೆ ನಿಲ್ಲಿಸಿಕೊಂಡು ಕಡ್ಡಿ ಕಡ್ಡಿಯನ್ನೂ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ಅಷ್ಟರಲ್ಲಿ ಅಮ್ಮ ಒಗ್ಗರಣೆ ಹಾಕಿದ ಮೊಸರನ್ನವನ್ನು ಬಾಳೆಲೆಯಲ್ಲಿ ಕಟ್ಟಿ, ಕಾಫಿಯನ್ನು ಫ್ಲಾಸ್ಕಿಗೆ ತುಂಬಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಹ್ಯಾಂಡಲ್ಲಿಗೆ ತೂಗುಹಾಕುತ್ತಿದ್ದಳು. ಬಾರ್ ಮೇಲೆ ನನಗೊಂದು ಪುಟ್ಟ ಸೀಟಿತ್ತು. ನಾವು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಗೇಟಿನಲ್ಲಿ ನಿಂತಿರುತ್ತಿದ್ದಳು. ಅವಳು ಯಾಕೆ ಬರುವುದಿಲ್ಲ ಎಂದು ನಾನಾಗಲಿ ಅಪ್ಪನಾಗಲಿ ಒಮ್ಮೆಯೂ ಯೋಚಿಸಿದ್ದು ನೆನಪಿಲ್ಲ. ಅಮ್ಮ ಎಂದರೆ ಗೇಟಿನಲ್ಲಿ ನಿಲ್ಲುವವಳು, ಅಷ್ಟೇ.

ಮಾಗಡಿ ರಸ್ತೆಗೆ ಬಿದ್ದು ಕಾಮಾಕ್ಷಿಪಾಳ್ಯ ದಾಟಿದರೆ ಆಗ ಊರು ಮುಗಿದೇ ಹೋಗುತ್ತಿತ್ತು. ರಸ್ತೆಯ ಎರಡೂ ಬದಿಯ ಮರಗಳು ಮೇಲೆ ಕೈಕೈ ಹಿಡಿದುಕೊಂಡಿದ್ದವು. ಕೆಳಗೆ ನೆರಳು ಎಷ್ಟು ತಂಪಾಗಿತ್ತೆಂದರೆ ಬಿಸಿಲಿನ ತುಣುಕು ಮೈಮೇಲೆ ಬಿದ್ದಾಗ ಯಾರೋ ಮುಟ್ಟಿದಂತಾಗುತ್ತಿತ್ತು. ಆಚೆಗೆ ರಾಗಿ ಹೊಲ, ನಡುನಡುವೆ ಅವರೆಯ ಸಾಲು, ಏತದ ಬಾವಿ, ದ್ರಾಕ್ಷಿ ಚಪ್ಪರ. ಹೆಗ್ಗನಹಳ್ಳಿ ಕಡೆಯಿಂದ ಸೊಪ್ಪಿನ ಮಂಕರಿ ಹೊತ್ತು ಬರುವ ಹೆಂಗಸರನ್ನು ಅಪ್ಪ ನಿಲ್ಲಿಸಿ ಮಾತಾಡಿಸುತ್ತಿದ್ದರು. ಸುಂಕದಕಟ್ಟೆಯಲ್ಲಿ ಇಳಿದು ಕಾಲು ಝಾಡಿಸಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಎಡಕ್ಕೆ ಮಣ್ಣಿನ ದಾರಿ ಹಿಡಿದರೆ ಹೇರೋಹಳ್ಳಿ ಕೆರೆಯ ಏರಿ ಸಿಗುತ್ತಿತ್ತು. ಏರಿಯ ಮೇಲೆ ಅಪ್ಪ ಪೆಡಲ್ ತುಳಿಯುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಸೈಕಲ್ಲು ತಾನಾಗಿ ಉರುಳುವಷ್ಟು ದೂರ ಉರುಳಿ, ನಿಂತಲ್ಲಿ ನಮ್ಮ ಊಟ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ನೀರುಕಾಗೆಗಳು ಮುಳುಗಿದ ಕಡೆ ಏಳದೆ ಎಲ್ಲೋ ಏಳುತ್ತಿದ್ದವು. ಎಲ್ಲಿ ಏಳುತ್ತವೆಂದು ನಾವಿಬ್ಬರೂ ಪಂಥ ಕಟ್ಟುತ್ತಿದ್ದೆವು. ಯಾವಾಗಲೂ ಅಪ್ಪನೇ ಗೆಲ್ಲುತ್ತಿದ್ದರು.

ಆಮೇಲಾಮೇಲೆ ಅವರು ಸೋಲತೊಡಗಿದರು. ನಾನು ಜಾಣೆಯಾಗಿದ್ದೇನೆ ಎಂದುಕೊಂಡೆ. ಮೊದಲೆಲ್ಲ ಕತ್ತಲಾದ ಮೇಲೂ ಡೈನಮೊ ಹಾಕಿಕೊಂಡು ಬರುತ್ತಿದ್ದವರು ಈಗ ಹೊತ್ತು ಇಳಿಯುವ ಮುಂಚೆಯೇ ಹೊರಡುವ ಆತುರ ಮಾಡುತ್ತಿದ್ದರು. ಮಬ್ಬಾದರೆ ಇಳಿದು ತಳ್ಳಿಕೊಂಡು ನಡೆಯುತ್ತಿದ್ದರು. ಮನೆಯಲ್ಲಿ ಕಾಲಿಗೆ ಚೊಂಬು ತಾಗಿ ಉರುಳುವುದು ಹೆಚ್ಚಾಯಿತು. ಒಂದು ಭಾನುವಾರ, ಒಳ್ಳೆಯ ಹಗಲಲ್ಲಿ, ಯಾವುದೋ ಗಾಡಿಯಿಂದ ಜಾರಿ ಏರಿಯ ಮೇಲೆ ಬಿದ್ದಿದ್ದ ಸೌದೆ ಕಟ್ಟಿನ ಮೇಲೆಯೇ ಅಪ್ಪ ಸೈಕಲ್ ಹತ್ತಿಸಿದರು. ಇಬ್ಬರೂ ಗದ್ದೆಯ ಬದಿಗೆ ಉರುಳಿದೆವು. ಪೆಟ್ಟೇನೂ ದೊಡ್ಡದಲ್ಲ. ಆದರೆ ಅಪ್ಪ ಕೆಸರಿನಲ್ಲಿ ಮಂಡಿಯೂರಿ "ಪುಟ್ಟಿ, ಎಲ್ಲಿದೀಯ?" ಎಂದು ಕೇಳಿದರು. ನಾನು ಅವರ ಮಗ್ಗುಲಲ್ಲೇ ಇದ್ದೆ. ಅವರ ಕೈ ಗಾಳಿಯಲ್ಲಿ ತಡಕಾಡಿ ನನ್ನ ಜಡೆಯನ್ನು ಹಿಡಿಯಿತು. ಆಮೇಲೆ ಹಣೆ, ಕೆನ್ನೆ, ಮೊಣಕೈ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿತು. ಆವತ್ತು ಮನೆಯವರೆಗೂ ಅವರು ಸೈಕಲ್ ತಳ್ಳಿಕೊಂಡು ಬಂದರು, ನಾನು ಹ್ಯಾಂಡಲ್ ಹಿಡಿದು ಮುಂದೆ ನಡೆದೆ.

ಕಣ್ಣಿನ ಆಸ್ಪತ್ರೆಯ ಡಾಕ್ಟರು ಇದಕ್ಕೆ ಔಷಧಿ ಇಲ್ಲ, ಎರಡೂ ಪಕ್ಕದಿಂದ ಪರದೆ ಎಳೆದ ಹಾಗೆ ನೋಟ ಮುಚ್ಚುತ್ತಾ ಬರುತ್ತದೆ ಎಂದರಂತೆ. ವರ್ಷ ಕಳೆಯುವುದರೊಳಗೆ ಹಾಗೆಯೇ ಆಯಿತು. ಕಾರ್ಖಾನೆಯವರು ರಜೆ ಕೊಟ್ಟರು. ಅಪ್ಪ ನಡುಮನೆಯ ಕುರ್ಚಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರತೊಡಗಿದರು. ಯಾರಾದರೂ ಬಂದರೆ ನಿದ್ದೆ ಬಂದವರ ಹಾಗೆ ಇರುತ್ತಿದ್ದರು. ಸೈಕಲ್ಲಿನ ಮಾತೆತ್ತಿದರೆ, ಕಣ್ಣಿಗೆ ಬೀಳದ ವಸ್ತು ಮನೆಯಲ್ಲಿ ಯಾಕೆ, ಯಾರಿಗಾದರೂ ಕೊಟ್ಟುಬಿಡು ಎಂದು ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ ಹೂಂ ಎನ್ನುತ್ತಿದ್ದಳು. ಅಜ್ಜಿ ದೇವರ ಮುಂದೆ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಭಾನುವಾರಗಳು ಉಳಿದ ದಿನಗಳಿಗಿಂತ ಉದ್ದವಾದವು.

ನಮ್ಮ ಬೀದಿಯಲ್ಲಿ ಫಿಲೋಮಿನಾ ಸಿಸ್ಟರ್ ಎಂಬ ನರ್ಸ್ ಇದ್ದರು. ಬಿಳಿ ಸೀರೆಯುಟ್ಟು ಲೇಡೀಸ್ ಸೈಕಲ್ಲಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದ ಅವರನ್ನು ಬಿಟ್ಟರೆ ಆ ಬೀದಿಯಲ್ಲಿ ಸೈಕಲ್ ತುಳಿಯುವ ಹೆಂಗಸನ್ನು ನಾನು ಕಂಡಿರಲಿಲ್ಲ. ಒಂದು ದಿನ ನಾನು ಸ್ಕೂಲಿನಿಂದ ಬರುವಾಗ ಅಮ್ಮ ಮತ್ತು ಸಿಸ್ಟರ್ ಇಬ್ಬರೂ ಆ ಲೇಡೀಸ್ ಸೈಕಲ್ಲಿನ ಜೊತೆ ತಿರುವಿನಲ್ಲಿ ನನಗಾಗಿ ಕಾಯುತ್ತಿದ್ದರು. ಬಸವೇಶ್ವರನಗರ ಆಗಿನ್ನೂ ಗೆರೆ ಎಳೆದಿಟ್ಟ ಊರು. ರಸ್ತೆಗಳಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು. ಆ ಖಾಲಿ ರಸ್ತೆಯಲ್ಲಿ ಅಮ್ಮ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಸೈಕಲ್ ಹತ್ತಿದಳು. ಸಿಸ್ಟರ್ ಮುಂದೆ ಹ್ಯಾಂಡಲ್ ಹಿಡಿದರು, ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡಿದೆ. ಅಮ್ಮ ಬಿದ್ದಳು. ಕಲ್ಲಿನ ಮೇಲೆ, ಲಂಟಾನದ ಪೊದೆಯೊಳಗೆ, ಒಮ್ಮೆ ಸಿಸ್ಟರ್ ಮೇಲೆಯೇ. ಬಿದ್ದಾಗಲೆಲ್ಲ ಮೊದಲು ನಗುತ್ತಿದ್ದಳು. ಅಮ್ಮನಿಗೆ ಅಷ್ಟು ಜೋರಾಗಿ ನಗಲು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ಎಲ್ಲವನ್ನೂ ಬಲ್ಲವಳು. ಸರೋಜ ಎಲ್ಲಿ ಎಂದು ಅಪ್ಪ ಕೇಳಿದರೆ ರೇಷನ್ ಅಂಗಡಿಗೆ ಹೋಗಿದ್ದಾಳೆ ಎನ್ನುತ್ತಿದ್ದಳು. ದಿನಾ ಏನು ರೇಷನ್ನು ಎಂದು ಅಪ್ಪ ಗೊಣಗಿದರೆ, "ಕ್ಯೂ ಉದ್ದ ಇದೆ ಕಣೋ" ಎಂದು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಅಮ್ಮನ ಮೊಣಕಾಲಿಗೆ ರಾತ್ರಿ ಅರಿಸಿನ ಹಚ್ಚುತ್ತಿದ್ದವಳೂ ಅವಳೇ.

ಕ್ಯಾರಿಯರ್ ಮೇಲೆ ಫಿಲೋಮಿನಾ ಸಿಸ್ಟರನ್ನು ಕೂರಿಸಿಕೊಂಡು ಅಲುಗಾಡದೆ ಹೋಗುವಷ್ಟು ಕಲಿತ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅಮ್ಮ ಮೊಸರನ್ನ ಕಟ್ಟಿದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದಿಗೆ ಅಪ್ಪ ಕುರ್ಚಿಯಲ್ಲೇ ತಲೆ ಎತ್ತಿದರು. ಅಮ್ಮ ಅವರ ಕೈ ಹಿಡಿದು ಬಾಗಿಲಿಗೆ ಕರೆದುಕೊಂಡು ಹೋಗಿ, ಆ ಕೈಯನ್ನು ಸೈಕಲ್ಲಿನ ಮೇಲಿಟ್ಟಳು. ಅಪ್ಪ ಹ್ಯಾಂಡಲ್, ಬೆಲ್ಲು, ಸೀಟು ಮುಟ್ಟುತ್ತಾ ಹೋದರು. ಬಾರ್ ಇರಬೇಕಾದ ಕಡೆ ಕೈ ಖಾಲಿ ಜಾಗದಲ್ಲಿ ಆಡಿತು.

"ಇದು ನನ್ನದಲ್ಲ" ಎಂದರು.

"ಕೊಟ್ಬಿಡು ಅಂದ್ರಲ್ಲ. ಅದನ್ನ ಕೊಟ್ಟು ಇದನ್ನ ತಂದೆ" ಎಂದಳು ಅಮ್ಮ. "ಹೇರೋಹಳ್ಳಿ ಕೆರೆಗೆ ಹೋಗಿ ಬರೋಣ. ನಾನು ತುಳೀತೀನಿ, ನೀವು ಹಿಂದೆ ಕೂತ್ಕೊಳಿ."

ಅಪ್ಪನ ಮುಖ ಕೆಂಪಾಯಿತು. ಹೆಂಡತಿಯ ಹಿಂದೆ ಮೂಟೆಯ ಹಾಗೆ ಕೂತು ಬೀದಿಯಲ್ಲಿ ಹೋಗುವುದೇ, ಕಾರ್ಖಾನೆಯವರು ಎಷ್ಟು ಜನ ಈ ಬೀದಿಯಲ್ಲಿದ್ದಾರೆ ಗೊತ್ತೇ ಎಂದು ಏನೇನೋ ಹೇಳಿದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ಇಷ್ಟು ವರ್ಷ ಬುತ್ತಿ ಕಟ್ಟಿ ಕಳಿಸಿದೀನಿ. ಆ ಕೆರೆ ಹೇಗಿದೆ ಅಂತ ನಾನು ಒಂದು ಸಲಾನೂ ನೋಡಿಲ್ಲ" ಎಂದಳು. "ದಾರಿ ನಂಗೆ ಗೊತ್ತಿಲ್ಲ. ನೀವೇ ಹೇಳ್ಬೇಕು."

ಅಪ್ಪ ಸೈಕಲ್ಲಿನ ಸೀಟನ್ನು ಮತ್ತೊಮ್ಮೆ ಸವರಿದರು. ಒಳಗಿನಿಂದ ಅಜ್ಜಿ, ಬಿಸಿಲೇರುತ್ತೆ, ಹೊರಡೋರು ಹೊರಡಿ ಎಂದಳು. ಅಪ್ಪ ಚಪ್ಪಲಿ ಎಲ್ಲಿ ಎಂದು ಕೇಳಿದರು.

ಅಮ್ಮನ ಜೊತೆಗೇ ಕಲಿತಿದ್ದ ನಾನು ಮೂಲೆ ಅಂಗಡಿಯಿಂದ ತಂದ ಬಾಡಿಗೆ ಸೈಕಲ್ಲಿನಲ್ಲಿ ಅವರ ಪಕ್ಕದಲ್ಲೇ ತುಳಿಯುತ್ತಿದ್ದೆ. ನಮ್ಮ ಬೀದಿ ದಾಟುವವರೆಗೆ ಅಪ್ಪ ತಲೆ ತಗ್ಗಿಸಿದ್ದರು. ಯಾರೋ ಹುಡುಗರು ಏನೋ ಅಂದು ನಕ್ಕರು. ಅಮ್ಮ ಬೆಲ್ ಬಾರಿಸಿ ಮುಂದೆ ಹೋದಳು. ಮಾಗಡಿ ರಸ್ತೆಯ ನೆರಳು ಮೈಗೆ ಬಿದ್ದಿತೋ ಇಲ್ಲವೋ ಅಪ್ಪನ ಬೆನ್ನು ನೆಟ್ಟಗಾಯಿತು. ಈಗ ಇಳಿಜಾರು ಬರುತ್ತೆ ಬ್ರೇಕ್ ಹಿಡಿ, ಇಲ್ಲಿ ಸೇತುವೆ ಕಿರಿದು ಎಡಕ್ಕೆ ಇರು, ಗಿರಣಿ ಸದ್ದು ಕೇಳ್ತಲ್ಲ ಇನ್ನು ಸುಂಕದಕಟ್ಟೆ ಎಂದು ಒಂದೇ ಸಮನೆ ಹೇಳುತ್ತಾ ಹೋದರು. ಅಮ್ಮನಿಗೆ ಏದುಸಿರು ಬಂದಾಗ ತಾವೇ ಇಳಿದು, ಸೀಟಿನ ಹಿಂದೆ ಕೈಯಿಟ್ಟು ದಿಬ್ಬದ ಮೇಲೆ ಸೈಕಲ್ ದೂಡಿದರು. ಮಣ್ಣಿನ ದಾರಿ ಮುಗಿದು ಏರಿ ಹತ್ತಿದ ಕೂಡಲೇ ಅಮ್ಮ ತುಳಿಯುವುದನ್ನು ನಿಲ್ಲಿಸಿದಳು. ಅವಳಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಅವಳು ಕಾಲೂರಿ ನೀರಿನ ಕಡೆ ತಿರುಗಿದಳು. ಅಪ್ಪ ಕ್ಯಾರಿಯರಿನಿಂದ ಇಳಿದು, ಹೇಗಿದೆ ಎಂದು ಕೇಳಿದರು.

"ತುಂಬಾ ದೊಡ್ಡದು ಕಣ್ರೀ. ನೀವು ಇಷ್ಟು ದೊಡ್ಡದು ಅಂತ ಹೇಳೇ ಇರ್ಲಿಲ್ಲ" ಎಂದಳು ಅಮ್ಮ. ಆಮೇಲೆ ಒಂದೊಂದಾಗಿ ಹೇಳತೊಡಗಿದಳು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆದು ಬಂಡೆಯ ಮೇಲೆ ಹರವಿದ್ದಾರೆ, ಒಂದು ಕೆಂಪು ಸೀರೆ, ಎರಡು ಪಂಚೆ. ನೀರಿನ ನಡುವೆ ಒಣಗಿದ ಮರವೊಂದಿದೆ, ಅದರ ತುಂಬಾ ಬಿಳಿ ಕೊಕ್ಕರೆ. ಅಪ್ಪನಿಗೆ ನೆನಪಿರುವ ಮರ ಅದು, ಕೊಕ್ಕರೆಗಳು ಹೊಸವು. ಮೊಸರನ್ನ ಉಣ್ಣುವಾಗ ಅಪ್ಪ ಕೈ ನಿಲ್ಲಿಸಿ, "ಸರೋಜ, ನಿನ್ನ ನಾನು ಯಾಕೆ ಯಾವತ್ತೂ ಕರ್ಕೊಂಡು ಬರ್ಲಿಲ್ಲ?" ಎಂದರು. ಅಮ್ಮ ಉಪ್ಪಿನಕಾಯಿಯ ಹೋಳೊಂದನ್ನು ಅವರ ಎಲೆಗೆ ಸರಿಸಿದಳು. "ಈಗ ಬಂದ್ವಲ್ಲ" ಎಂದಳು.

ಆಮೇಲೆ ವರ್ಷಗಟ್ಟಲೆ ಹೋದೆವು. ಮಲ್ಲತ್ತಹಳ್ಳಿ, ಉಲ್ಲಾಳು, ದಸರೆಯ ರಜೆಯಲ್ಲಿ ಕೆಂಗೇರಿಯವರೆಗೂ. ನಕ್ಕವರು ನಕ್ಕು ಸುಮ್ಮನಾದರು. ಅಪ್ಪ ಬಾಗಿಲ ಕಡೆ ಮುಖ ಮಾಡಿ ಕೂರತೊಡಗಿದರು, ಬಂದವರೊಡನೆ ಮಾತಾಡಿದರು, ಕೊನೆಗೆ ಕಾರ್ಖಾನೆಯ ಟೆಲಿಫೋನ್ ಬೋರ್ಡಿನಲ್ಲಿ ಕೆಲಸ ಕಲಿತು, ಅಲ್ಲಿಯೇ ನಿವೃತ್ತಿಯವರೆಗೂ ಇದ್ದರು. ಬೆಳಿಗ್ಗೆ ಅವರನ್ನು ಗೇಟಿಗೆ ಬಿಟ್ಟು ಸಂಜೆ ಕರೆತರುತ್ತಿದ್ದುದು ಅಮ್ಮನ ಸೈಕಲ್ಲೇ. ಈ ನಡುವೆ ಅಜ್ಜಿ ಹೋದಳು. ನನಗೆ ಮದುವೆಯಾಯಿತು. ಮಾಗಡಿ ರಸ್ತೆಯ ಮರಗಳು ಒಂದೊಂದಾಗಿ ಉರುಳಿ ಲಾರಿಗಳು ಬಂದವು. ರಾಗಿ ಹೊಲಗಳಲ್ಲಿ ಶೆಡ್ಡುಗಳೂ ಮನೆಗಳೂ ಎದ್ದವು. ಅಮ್ಮನ ಮಂಡಿ ಸೋತಿತು. ಯಾವ ಭಾನುವಾರ ಕೊನೆಯದೆಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಇನ್ನಷ್ಟು ಹೊತ್ತು ಕೂತಿರುತ್ತಿದ್ದೆವೇನೋ.

ಅಮ್ಮ ಅಪ್ಪನಿಗಿಂತ ಮೊದಲೇ ಹೋಗಿಬಿಟ್ಟಳು. ಒಂದು ಬೆಳಿಗ್ಗೆ, ಯಾವ ಕಾಯಿಲೆಯೂ ಇಲ್ಲದೆ. ಅಪ್ಪ ಅಳಲಿಲ್ಲ. ಬಂದವರು ಕೇಳಿದರೆ ಹೇಗಾಯಿತೆಂದು ನಾನೇ ಹೇಳುತ್ತಿದ್ದೆ. ಅಪ್ಪ ಎದ್ದು ಒಳಗೆ ಹೋಗುತ್ತಿದ್ದರು. ತಿಂಗಳುಗಳು ಕಳೆದರೂ ಅವರ ಬಾಯಿಂದ ಅಮ್ಮನ ಹೆಸರು ಬರಲಿಲ್ಲ. ವರ್ಷದ ತಿಥಿ ಮುಗಿದ ಮೇಲೆ ಒಂದು ಸಂಜೆ ಅವರನ್ನು ಆಟೋದಲ್ಲಿ ಹೇರೋಹಳ್ಳಿ ಕೆರೆಗೆ ಕರೆದುಕೊಂಡು ಹೋದೆ. ನೀರು ಒಂದು ಮೂಲೆಗೆ ಸರಿದಿತ್ತು, ಉಳಿದ ಕಡೆ ಕಳೆ ಹಬ್ಬಿತ್ತು. ಅಪ್ಪ ಏನನ್ನೂ ಕೇಳಲಿಲ್ಲ. ಏರಿಯ ಕಲ್ಲೊಂದರ ಮೇಲೆ ಕೂತರು.

ಎಮ್ಮೆ ಮೇಯಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಾ ಹತ್ತಿರ ಬಂದಳು. ನನ್ನನ್ನು ಬಿಟ್ಟು ನೇರವಾಗಿ ಅಪ್ಪನನ್ನೇ ಕೇಳಿದಳು. "ಸೈಕಲ್ ಅಮ್ಮ ಬರ್ಲಿಲ್ವಾ ಸ್ವಾಮಿ?"

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಅವಳ ದನಿಯ ಕಡೆ ತಿರುಗಿದರು.

"ಇಲ್ಲಮ್ಮ, ಅವಳು ಹೋಗ್ಬಿಟ್ಲು" ಎಂದರು.

ಹೆಂಗಸು ಕೋಲನ್ನು ನೆಲಕ್ಕೆ ಹಾಕಿ ಅವರ ಎದುರಿಗೆ ಕೂತಳು. ಹೇಗೆ ಸ್ವಾಮಿ ಎಂದು ಕೇಳಿದಳು. ಅಪ್ಪ ಹೇಳತೊಡಗಿದರು. ಅವತ್ತು ಬೆಳಿಗ್ಗೆ ಅಮ್ಮ ಕಾಫಿಗೆ ನೀರಿಟ್ಟಿದ್ದು, ಕಿಟಕಿಯಿಂದ ಕಂಡದ್ದನ್ನೆಲ್ಲ ಎಂದಿನಂತೆ ತಮಗೆ ಹೇಳಿದ್ದು, ಹೇಳುತ್ತಾ ಹೇಳುತ್ತಾ ಮಾತು ನಿಂತದ್ದು, ತಾವು ಕುರ್ಚಿಯಲ್ಲೇ ಕೂತು ಇನ್ನೂ ಮುಂದಿನ ಮಾತಿಗೆ ಕಾದದ್ದು. ನನಗೂ ಗೊತ್ತಿಲ್ಲದ್ದು ಅದರಲ್ಲಿ ಎಷ್ಟೋ ಇತ್ತು. ನಾನು ಸ್ವಲ್ಪ ದೂರ ಸರಿದು ನಿಂತೆ. ಗಾಳಿ ಬೀಸಿದಾಗ ಅಪ್ಪನ ದನಿ ಅಷ್ಟಿಷ್ಟು ಕೇಳಿಸುತ್ತಿತ್ತು, ಮತ್ತೆ ತಗ್ಗುತ್ತಿತ್ತು. ಹೊತ್ತು ಇಳಿಯಿತು. ಎಮ್ಮೆಗಳು ಕಾದು ಕಾದು, ತಾವಾಗಿಯೇ ಊರ ಕಡೆ ತಿರುಗಿದವು. ಆಕೆ ಮಾತ್ರ ಏಳಲಿಲ್ಲ.