ಅರ್ಧ ಸೆಕೆಂಡಿನ ಸದ್ದು

ಅವರ ಬಲಗಿವಿಯ ಹಿಂದೆ ಪೆನ್ನು ಕೂತು ಕೂತು ಒಂದು ಸಣ್ಣ ತಗ್ಗು ಬಿದ್ದಿತ್ತು. ನಿವೃತ್ತರಾಗಿ ಆರು ವರ್ಷವಾದರೂ ಆ ತಗ್ಗು ಮಾಯ್ದಿರಲಿಲ್ಲ, ಮಾಯಲು ಅವರು ಬಿಟ್ಟಿರಲೂ ಇಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಕೊನೆಗೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಾಗಲೇ ಅವರ ಉಡುಗೆ ಪೂರ್ತಿಯಾಗುತ್ತಿತ್ತು.

ಅವರು ಸಿಂಧನೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗಿ ಹೇಳುವುದು ಅವರ ಕೆಲಸ. ಜವಳಗೇರಾದಲ್ಲಿದ್ದ ತಮ್ಮ ಪಾಲಿನ ಗದ್ದೆಯನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು ಸಿಂಧನೂರಿನಲ್ಲೇ ಮನೆ ಮಾಡಿಕೊಂಡಿದ್ದರು. ನಿಲ್ದಾಣದ ಎದುರಿನ ಅಂಗಡಿ ಸಾಲಿನವರಿಗೆಲ್ಲ ಅವರು ಕಂಟ್ರೋಲರ್ ಕಾಕಾ. ಮೈಕಿನ ರೂಢಿ ಎಷ್ಟಿತ್ತೆಂದರೆ, ಫೋನ್ ಎತ್ತಿಕೊಂಡರೂ ಮೊದಲು ಎರಡು ಸಲ ಊದಿ ಆಮೇಲೆ ಮಾತಿಗಿಳಿಯುತ್ತಿದ್ದರು.

ಆ ಸಾಲಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ತಾನು ಬದುಕಿದ್ದೇನೆ ಎಂಬ ಪ್ರಮಾಣಪತ್ರವನ್ನು ಪಿಂಚಣಿ ಕಚೇರಿಗೆ ಕಳಿಸಬೇಕೆಂದು ಒಂದು ಮಧ್ಯಾಹ್ನ ಕಾಕಾ ಬಂದರು. ಗಿರಾಕಿ ಯಾರೂ ಇಲ್ಲದ ಹೊತ್ತು; ನಾನು ಕಾರ್ ರೇಸಿನ ಆಟ ಆಡುತ್ತ ಕೂತಿದ್ದೆ. ಪರದೆಯ ಮೇಲೆ ನನ್ನ ಕಾರಿನ ಮುಂದೆ ಹೊಗೆಯಂಥ ಇನ್ನೊಂದು ಕಾರು ಓಡುತ್ತಿತ್ತು. ಅದು ಯಾರ ಗಾಡಿ ಎಂದು ಕೇಳಿದರು. ಅದೂ ನನ್ನದೇ, ನಿನ್ನೆ ನಾನು ಓಡಿಸಿದ ಸುತ್ತು, ಅದರ ನೆರಳನ್ನು ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ, ಅದಕ್ಕಿಂತ ಜಲ್ದಿ ಹೋಗಬೇಕು, ಅಷ್ಟೇ ಆಟ ಎಂದು ವಿವರಿಸಿದೆ.

"ಅಂದ್ರ ನಿನ್ನ ಜೋಡಿ ನೀನ ಪಂದ್ಯ ಕಟ್ಟೀಯೇನು?" ಎಂದು ಕುರ್ಚಿ ಎಳೆದುಕೊಂಡು ಕೂತರು. ಪ್ರಮಾಣಪತ್ರದ ಕೆಲಸ ಮುಗಿದ ಮೇಲೂ ಏಳಲಿಲ್ಲ. ಮರುದಿನ ಯಾವ ಕೆಲಸವೂ ಇಲ್ಲದೆ ಬಂದರು.

ಆ ವರ್ಷ ನಮಗೆ ಆ ಆಟದ ಹುಚ್ಚು ಹಿಡಿದಿತ್ತು. ಲಿಂಗಸುಗೂರಿನಲ್ಲಿ ಮೊಬೈಲ್ ಅಂಗಡಿಯ ಇಬ್ಬರು ಅಣ್ಣತಮ್ಮಂದಿರು, ಹಟ್ಟಿಯಲ್ಲಿ ಗಣಿಯ ಪಾಳಿ ಮುಗಿಸಿ ಬಂದು ಆಡುವ ಒಬ್ಬ, ಮುಕ್ಕುಂದದಲ್ಲಿ ಭತ್ತದ ಮಷಿನ್ ಓಡಿಸುವವನು, ಹೀಗೆ ಮೂವತ್ತು ಮಂದಿಯ ಒಂದು ಫೋನ್ ಗ್ರೂಪ್ ಆಗಿತ್ತು. ಒಂದೇ ಕಾರು, ಒಂದೇ ದಾರಿ, ಒಂದೇ ಸುತ್ತು. ಯಾರು ಎಷ್ಟು ಕಡಿಮೆ ಹೊತ್ತಿನಲ್ಲಿ ಮುಗಿಸುತ್ತಾರೆ ಎಂದು ಆನ್‌ಲೈನಿನಲ್ಲಿ ಸ್ಪರ್ಧೆ. ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಆಡಿ, ವಿಡಿಯೋ ಮಾಡಿ ಕಳಿಸುವುದು. ಮೊದಲ ಸಲ ನಾನು ನಡೆಸಿದ ಸ್ಪರ್ಧೆ ಮೂರೇ ದಿನಕ್ಕೆ ಜಗಳದಲ್ಲಿ ಮುಗಿಯಿತು. ಅವನು ದಾರಿ ಬಿಟ್ಟು ಅಡ್ಡ ಹಾಯ್ದಿದ್ದಾನೆ, ಇವನು ವಿಡಿಯೋ ತಿದ್ದಿದ್ದಾನೆ ಎಂದು ತಕರಾರು. ಕೊನೆಗೆ, ತಾನೇ ಆಡುವವನು ಫೈಸಲಾ ಹೇಗೆ ಕೊಡುತ್ತಾನೆ ಎಂದು ನನ್ನ ಮೇಲೇ ಬಿದ್ದರು.

ಕಾಕಾ ಎಲ್ಲವನ್ನೂ ಕೇಳಿಸಿಕೊಂಡು, ಆಡಲು ಬಾರದವನೊಬ್ಬ ನೋಡುವವನು ಬೇಕು ಎಂದರು. ಮರುದಿನ ಉದ್ದನೆಯ ಒಂದು ಹೊಸ ರಿಜಿಸ್ಟರ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ಗೆರೆ ಹೊಡೆದು ಕಾಲಮುಗಳನ್ನು ಬರೆದೂ ಆಗಿತ್ತು: ಹೆಸರು, ಊರು, ವಿಡಿಯೋ ಬಂದ ವೇಳೆ, ಸುತ್ತಿನ ವೇಳೆ, ಕೊನೆಗೆ ತೀರ್ಪು ಬರೆಯಲು ಷರಾ.

ಎರಡನೆಯ ಸ್ಪರ್ಧೆ ಹತ್ತು ದಿನದ್ದು. ಕಾಕಾ ಬೆಳಿಗ್ಗೆ ಹತ್ತಕ್ಕೆ ಬಂದು, ಒಂದೊಂದು ವಿಡಿಯೋವನ್ನು ಮೂರು ಸಲ ನೋಡುತ್ತಿದ್ದರು. ಮೊದಲು ಕಾರಿನ ಗಾಲಿಗಳನ್ನಷ್ಟೇ. ಆಮೇಲೆ ಮೂಲೆಯಲ್ಲಿ ಓಡುವ ಗಡಿಯಾರವನ್ನಷ್ಟೇ. ಮೂರನೆಯ ಸಲ ಕಣ್ಣು ಮುಚ್ಚಿ ಬರೀ ಸದ್ದು ಕೇಳುತ್ತಿದ್ದರು. ನಿಲ್ದಾಣದ ಕೋಣೆಯೊಳಗೆ ಕೂತು, ತಿರುವಿನಲ್ಲಿ ಗೇರು ಬದಲಿಸುವ ಸದ್ದಿನಿಂದಲೇ ಬರುತ್ತಿರುವುದು ಯಾವ ಡ್ರೈವರನ ಬಸ್ಸು ಎಂದು ಹೇಳುತ್ತಿದ್ದ ಕಿವಿ ಅದು. "ನೋಡಿ ಬರಿಬೇಕು, ಬರದು ನೋಡಬಾರದು," ಎನ್ನುವುದು ಅವರ ಮಾತು. ಷರಾ ಬರೆಯುವ ಮೊದಲು ಪೆನ್ನನ್ನು ಕಾಗದದ ಮೇಲೆ ಹಿಡಿದು ಅರೆಗಳಿಗೆ ತಡೆಯುತ್ತಿದ್ದರು. ಹತ್ತು ದಿನ ಒಬ್ಬರೂ ಜಗಳ ತೆಗೆಯಲಿಲ್ಲ. ಕಾಕಾ ಬರೆದರೆ ಮುಗಿಯಿತು ಎಂದು ಲಿಂಗಸುಗೂರಿನವರೂ ಒಪ್ಪಿಕೊಂಡರು.

ಮೂರನೆಯ ಸ್ಪರ್ಧೆಯಲ್ಲಿ ಮಸ್ಕಿಯಿಂದ ಒಂದು ಹೊಸ ಹೆಸರು ಸೇರಿತು. ಅದು ಒಂದು ಬೀಜ ಗೊಬ್ಬರದ ಅಂಗಡಿಯ ಹೆಸರು; ಆಡುವವರು ಯಾರೋ ನಮಗೆ ಗೊತ್ತಿರಲಿಲ್ಲ. ಏಳನೆಯ ದಿನ ಆ ಅಂಗಡಿಯಿಂದ ಬಂದ ಸುತ್ತು ನನ್ನದಕ್ಕಿಂತ ಮುಂದಿತ್ತು. ಅಲ್ಲಿಯವರೆಗೆ ನಾನೇ ಮೊದಲಿದ್ದೆ.

ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಮ್ಮೆಲೆ ಕೈ ಎತ್ತಿದರು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಕಾರು ಸುರಂಗದಿಂದ ಹೊರಬಂದು ಸೇತುವೆ ಹತ್ತುವ ಜಾಗದಲ್ಲಿ ಎಂಜಿನ್ನಿನ ಸದ್ದು ಜಿಗಿಯುತ್ತಿತ್ತು. ಗಡಿಯಾರವೂ ಅಲ್ಲಿ ಅರ್ಧ ಸೆಕೆಂಡು ಹಾರುತ್ತಿತ್ತು. ವಿಡಿಯೋ ಎಲ್ಲೂ ತುಂಡಾಗಿರಬಾರದು ಎಂಬುದು ನಮ್ಮ ನಿಯಮ. ಕಾಕಾ ಷರಾದಲ್ಲಿ "ಜೋಡಿಸಿದ್ದು" ಎಂದು ಬರೆದರು. ಅದನ್ನು ನಾನು ಗ್ರೂಪಿಗೆ ಹಾಕಿದೆ.

ಸ್ವಲ್ಪ ಹೊತ್ತಿಗೆ ಮಸ್ಕಿಯಿಂದ ಧ್ವನಿ ಸಂದೇಶ ಬಂತು. ಹೆಣ್ಣು ಧ್ವನಿ. ತಾನು ಏನನ್ನೂ ಜೋಡಿಸಿಲ್ಲ, ಬೇಕಾದರೆ ಕಂಪ್ಯೂಟರನ್ನೇ ಬಂದು ನೋಡಿ ಎಂದು ಆಕೆ ಹೇಳಿದ್ದಳು. ಆಡುತ್ತಿದ್ದವಳು ಒಬ್ಬ ಹುಡುಗಿ ಎಂದು ತಿಳಿದದ್ದೇ ಗ್ರೂಪಿನ ಮಾತಿನ ಧಾಟಿ ಬದಲಾಯಿತು. ಯಾರದೋ ಕೈಯಲ್ಲಿ ಆಡಿಸಿ ಕಳಿಸಿರಬೇಕು ಎಂದು ಒಬ್ಬ ಬರೆದ. ಅದಕ್ಕಿಂತ ಕೀಳಾದದ್ದನ್ನು ಇನ್ನೊಬ್ಬ ಬರೆದ. ಸಂಜೆಯೊಳಗೆ ಆಕೆ ಗ್ರೂಪ್ ಬಿಟ್ಟುಹೋದಳು.

ಇನ್ನು ನಾನು ಹೇಳಬೇಕಾದದ್ದು ಇದೆ. ಆಕೆಯ ಧ್ವನಿ ಕೇಳಿದ ಮೇಲೆ ನನಗೆ ಒಂದು ಅನುಮಾನ ಬಂತು. ನನ್ನದೇ ವಿಡಿಯೋ ತೆಗೆದು ಸೇತುವೆಯ ಹತ್ತಿರ ನಿಲ್ಲಿಸಿ ನೋಡಿದೆ. ಅಲ್ಲಿಯೂ ಅದೇ ಜಿಗಿತ, ಅದೇ ಅರ್ಧ ಸೆಕೆಂಡು. ಸುರಂಗ ದಾಟಿದ ಕೂಡಲೇ ಆಟ ಹೊಸ ದೃಶ್ಯವನ್ನು ತುಂಬಿಕೊಳ್ಳುತ್ತದೆ. ಹಳೆಯ ಕಂಪ್ಯೂಟರ್ ಆ ಭಾರಕ್ಕೆ ವಿಡಿಯೋ ಮಾಡುವುದನ್ನು ಅರೆಗಳಿಗೆ ಬಿಡುತ್ತದೆ. ಕಂಪ್ಯೂಟರ್ ರಿಪೇರಿಯಲ್ಲೇ ಅನ್ನ ತಿನ್ನುವ ನನಗೆ ಇದು ತಿಳಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಕೆ ಮೋಸ ಮಾಡಿರಲಿಲ್ಲ.

ನಾನು ಸುಮ್ಮನಿದ್ದೆ. ಸ್ಪರ್ಧೆ ಮುಗಿಯಲು ಮೂರು ದಿನವಿತ್ತು, ನಾನು ಮೊದಲಿದ್ದೆ. ಹೇಳಿದರೆ ನನ್ನ ಸುತ್ತೂ ಹೋಗುತ್ತದೆ, ಗ್ರೂಪಿನಲ್ಲಿ ನಗೆಪಾಟಲಾಗುತ್ತೇನೆ ಎಂದುಕೊಂಡೆ. ಆಕೆ ಹೇಗೂ ಗ್ರೂಪ್ ಬಿಟ್ಟಳಲ್ಲ ಎಂದೂ ಅಂದುಕೊಂಡೆ. ಮೂರು ದಿನ ಕಾಕಾನ ಪಕ್ಕದಲ್ಲೇ ಕೂತು ಅವರಿಗೆ ಚಹಾ ತರಿಸಿಕೊಟ್ಟೆ.

ಕೊನೆಯ ದಿನ ಫಲಿತಾಂಶ ಬರೆಯುವ ಮೊದಲು ಕಾಕಾ ಮೊದಲ ಐದು ಸುತ್ತುಗಳನ್ನು ಮತ್ತೆ ನೋಡುತ್ತೇನೆಂದರು. ನನ್ನದು ಬಂದಾಗ ಕಣ್ಣು ಮುಚ್ಚಿದರು. ಸುರಂಗ ಬಂತು, ಸೇತುವೆ ಬಂತು. ಕಾಕಾ ಕೈ ಎತ್ತಲಿಲ್ಲ. ಕಣ್ಣು ತೆರೆದು ನನ್ನ ಮುಖವನ್ನೇ ನೋಡಿದರು.

"ನಿನಗ ಗೊತ್ತಿತ್ತೇನು?"

ಗೊತ್ತಿತ್ತು ಎಂದೆ. ಯಾವಾಗಿನಿಂದ ಎಂದು ಕೇಳಿದರು. ಅದನ್ನೂ ಹೇಳಿದೆ. ಜಿಗಿತಕ್ಕೆ ಕಾರಣವೇನೆಂಬುದನ್ನೂ ವಿವರಿಸಿದೆ. ಬೈಯುತ್ತಾರೆ ಎಂದು ಕಾದೆ. ಅವರು ರಿಜಿಸ್ಟರಿನ ಹಾಳೆಗಳನ್ನು ತಿರುವಿ ನನ್ನ ಹೆಸರಿನ ಸಾಲಿಗೆ ಬಂದರು.

"ನಿಂದು ನೋಡೂ ದಿನ ನೀ ಬಾಜೂಕ ಕುಂತು ಮಾತಾಡಾಕತ್ತಿದ್ದಿ. ನಾ ಒಂದ ಸಲ ನೋಡಿ ಬರದೆ. ಆಕಿದು ಮೂರು ಸಲ ನೋಡೀನಿ," ಎಂದರು. ಮರುದಿನ ಬೆಳಿಗ್ಗೆ ಮಸ್ಕಿಗೆ ಹೋಗೋಣ, ನೀನೂ ಬಾ ಎಂದರು. ಫೋನ್ ಮಾಡಿದರೆ ಸಾಲದೇ ಎಂದು ಕೇಳಿದೆ. ಅವರು ರಿಜಿಸ್ಟರ್ ಮುಚ್ಚಿ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದರು.

ಬಸ್ಸು ನಾಲ್ಕು ನಿಮಿಷ ತಡವಾಗಿ ಹೊರಟಿತು. ಅಂಥ ದಿನವೂ ಕಾಕಾ ಗಡಿಯಾರ ನೋಡಿ ಮುಖ ಗಂಟಿಕ್ಕಿದರು. ಪರಿಚಯದ ಡ್ರೈವರ್ ಮುಂದಿನ ಸೀಟಿಗೆ ಕರೆದರೂ ಹೋಗದೆ ನನ್ನ ಪಕ್ಕದಲ್ಲೇ ಕೂತರು. ಕಾಲುವೆಯ ಗದ್ದೆಗಳು ಮುಗಿದು ಹತ್ತಿಯ ಹೊಲಗಳು ಶುರುವಾದವು. ಮಸ್ಕಿಯ ಗುಡ್ಡ ಕಂಡಾಗ ಕಾಕಾ, ಅಂಗಡಿಯಲ್ಲಿ ಮೊದಲು ತಾನು ಮಾತಾಡುತ್ತೇನೆ ಎಂದರು.

ಅಂಗಡಿಯಲ್ಲಿ ತಂದೆ ಮಗಳು ಇಬ್ಬರೂ ಇದ್ದರು. ಆಕೆಗೆ ಇಪ್ಪತ್ತೈದರ ಆಸುಪಾಸು. ಬಿಲ್ ಮಾಡುವ ಕಂಪ್ಯೂಟರ್ ಮುಂದೆ ಕೂತಿದ್ದಳು. ನಾವು ಯಾರೆಂದು ತಿಳಿದದ್ದೇ ತಂದೆ ಎದ್ದು ನಿಂತರು. ಊರಿನಲ್ಲಿ ನಾಲ್ಕು ಜನ ಬಂದು, ನಿಮ್ಮ ಮಗಳು ಆಟದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಳಂತೆ ಎಂದು ಕೇಳಿ ಹೋಗಿದ್ದಾರೆ, ಕಂಪ್ಯೂಟರಿನಿಂದ ಆ ಆಟವನ್ನೇ ತೆಗೆಸಿದ್ದೇನೆ, ಇನ್ನೂ ಏನು ಉಳಿದಿದೆ ಎಂದು ಬಂದಿರಿ ಎಂದು ಕೇಳಿದರು.

ಕಾಕಾ ಕೂರಲಿಲ್ಲ. ಗೊಬ್ಬರದ ಚೀಲಗಳ ನಡುವೆ ನಿಂತೇ, "ಆಕಿ ಏನೂ ಮೋಸ ಮಾಡಿಲ್ರೀ. ತಪ್ಪು ನಂದು. ಒಬ್ಬರದ ಒಂದು ನಮೂನಿ, ಇನ್ನೊಬ್ಬರದ ಒಂದು ನಮೂನಿ ನೋಡಿದೆ," ಎಂದರು. ನನ್ನ ಹೆಸರು ಎತ್ತಲಿಲ್ಲ. ಅವರು ಎತ್ತುವುದೂ ಇಲ್ಲ ಎಂದು ನನಗೆ ಅರ್ಥವಾಯಿತು. ಒಂದು ಗಳಿಗೆ, ನಾಚಿಕೆಯಿಲ್ಲದೆ, ಹಗುರವೆನಿಸಿತು.

ಆದರೆ ಆಕೆ ಕಾಕಾನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನೀವು ಕಂಪ್ಯೂಟರ್ ರಿಪೇರಿ ಮಾಡೋರಲ್ರೀ. ನಿಮಗ ತಿಳೀಲಿಲ್ಲೇನು?"

ಕಾಕಾ ನನ್ನ ಕಡೆ ನೋಡಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದರು. ತಿಳಿದಿತ್ತು, ಹೇಳಲಿಲ್ಲ ಎಂದೆ. ಆಕೆಯ ತಂದೆ ಏನೋ ಹೇಳಹೊರಟರು. ಆಕೆ ಕೈಸನ್ನೆಯಲ್ಲೇ ತಡೆದಳು.

"ಇಲ್ಲಿ ಹೇಳಿದ್ರ ನಮ್ಮಪ್ಪಗ ಒಬ್ಬಗ ಗೊತ್ತಾಗತೈತಿ. ನನ್ನ ಕಳ್ಳಿ ಅಂದದ್ದು ಗ್ರೂಪಿನ್ಯಾಗ. ಅಲ್ಲೇ ಹೇಳ್ರಿ," ಎಂದಳು.

ಕಾಕಾ ಆಕೆಯನ್ನೊಮ್ಮೆ ದಿಟ್ಟಿಸಿ ನೋಡಿ, ಖರೇ ಎಂದರು. ನನ್ನ ಫೋನ್ ಇಸಕೊಂಡು, ಗುಂಡಿ ಒತ್ತಿಸಿ, ಎರಡು ಸಲ ಊದಿದರು. "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿ ನಿಂತರು. ಮತ್ತೆ "ಎಲ್ಲಾ ಆಟಗಾರರ ಗಮನಕ್ಕೆ" ಎಂದು, ಬಸ್ಸಿನ ವೇಳೆ ಹೇಳುವಷ್ಟೇ ಸ್ಪಷ್ಟವಾಗಿ, ತಾನು ಎಲ್ಲಿ ತಪ್ಪಿದೆ, ಹೇಗೆ ತಪ್ಪಿದೆ, ಮಸ್ಕಿಯ ಸುತ್ತು ಸಾಚಾ ಏಕೆ ಎಂದು ಒಂದೊಂದಾಗಿ ಹೇಳಿದರು. ಆಕೆಯ ಬಗ್ಗೆ ಕೆಟ್ಟದಾಗಿ ಬರೆದವರು ಆಕೆಗೆ ತಾವಾಗಿಯೇ ತಪ್ಪೊಪ್ಪಿಗೆ ಕಳಿಸುವವರೆಗೆ ಅವರ ಸುತ್ತುಗಳನ್ನು ನೋಡುವುದಿಲ್ಲ ಎಂದೂ ಸೇರಿಸಿದರು. ಶುರುವಿನ ಆ "ಪ್ರಯಾಣಿಕರ" ಎಂಬುದನ್ನು ತೆಗೆದು ಕಳಿಸಲೇ ಎಂದು ಕೇಳಿದೆ.

"ಕತ್ತರಿಸಬ್ಯಾಡ. ಹಂಗ ಕಳಸು."

ಆಮೇಲೆ ಫೋನನ್ನು ನನಗೆ ಕೊಟ್ಟು ಅಲ್ಲೇ ನಿಂತರು. ಈ ಸಲ ನಾನು ಬರೆದೆ. ಗೊತ್ತಿದ್ದೂ ಮೂರು ದಿನ ಬಾಯಿ ಬಿಡಲಿಲ್ಲ, ಮೊದಲ ಸ್ಥಾನದ ಆಸೆ, ಬೇರೆ ಕಾರಣವಿಲ್ಲ ಎಂದು ಬರೆದು ಕಳಿಸಿದೆ. ಗ್ರೂಪಿನಲ್ಲಿ ನನ್ನನ್ನು ಅಂದವರು ಅಂದರು. ಅದು ಒಂದು ವಾರ ನಡೆಯಿತು. ಇಬ್ಬರ ಸುತ್ತೂ ಊರ್ಜಿತ ಎಂದು ಕಾಕಾ ಬರೆದರು. ಆಕೆ ಮೊದಲು, ನಾನು ಎರಡನೆಯವ. ಷರಾ ಕಾಲಮಿನ "ಜೋಡಿಸಿದ್ದು" ಎಂಬುದನ್ನು ಅಳಿಸದೆ, ಅದರ ಕೆಳಗೆ "ನೋಡಿದವನ ತಪ್ಪು" ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿದರು.

ಆಕೆ ನಮ್ಮನ್ನು ಅಷ್ಟು ಸುಲಭಕ್ಕೆ ಕ್ಷಮಿಸಲಿಲ್ಲ. ಮುಂದಿನ ಸ್ಪರ್ಧೆಗೆ ಕರೆದಾಗ ಎರಡು ದಿನ ಉತ್ತರವೇ ಇಲ್ಲ. ಮೂರನೆಯ ದಿನ ಷರತ್ತುಗಳ ಒಂದು ಪಟ್ಟಿ ಬಂತು. ಯಾವ ಸುತ್ತನ್ನೇ ಆಗಲಿ ತಿರಸ್ಕರಿಸುವ ಮೊದಲು ಆಡಿದವರನ್ನು ಕರೆದು ಕೇಳಬೇಕು, ವಿಡಿಯೋದ ಮೇಲಿನ ಹೆಸರನ್ನು ನೋಡುವವರಿಂದ ಮರೆಮಾಡಬೇಕು, ನಡೆಸುವವನು ಆಡಕೂಡದು. ಕಾಕಾ ಅದನ್ನು ನನ್ನಿಂದ ಎರಡು ಸಲ ಓದಿಸಿ, ಒಂದಕ್ಷರ ಬದಲಿಸದೆ ರಿಜಿಸ್ಟರಿನ ಮೊದಲ ಪುಟಕ್ಕೆ ಇಳಿಸಿದರು. ಹೀಗೆ ನಾನು ಆಡುವುದನ್ನು ಬಿಟ್ಟೆ. ಆಕೆಯ ಅಂಗಡಿಯ ಕಂಪ್ಯೂಟರಿಗೆ ಆಟ ಮರಳಿ ಬಂತು. ಅದಕ್ಕೆ ತಂದೆಯೇ ಹೇಳಿದ್ದರಂತೆ.

ಮುಂದೆ ಐದು ಸ್ಪರ್ಧೆಗಳನ್ನು ಕಾಕಾ ನೋಡಿದರು. ಅದರ ಮುಂದಿನದರ ನಡುವೆ ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಮೂಗಿಗೆ ನಳಿಗೆ ಇತ್ತು, ಮಾತು ಕಷ್ಟವಾಗಿತ್ತು. ಎಷ್ಟು ಸುತ್ತು ಬಂದಿವೆ, ಎಷ್ಟು ನೋಡಿದ್ದಾಗಿದೆ ಎಂದು ಕೇಳಿದರು. ಹನ್ನೊಂದು ಬಾಕಿ ಇವೆ, ನೀವು ಬಂದ ಮೇಲೆ ನೋಡಿದರಾಯಿತು ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ತಡ ಮಾಡಿದರೆ ಕಳಿಸಿದವರು ಕಾಯುತ್ತಾರೆ, ನೀನೇ ನೋಡು ಎಂದರು. ನಾನು ನೋಡಿದರೆ ಯಾರು ಒಪ್ಪುತ್ತಾರೆ ಎಂದು ಕೇಳಿದೆ. ಆ ಪ್ರಶ್ನೆ ಎಷ್ಟೋ ದಿನದಿಂದ ನನ್ನೊಳಗಿತ್ತು.

"ಎಲ್ಲರ ಮುಂದ ತಪ್ಪು ಒಪ್ಪಿದಾವ ನೀ. ಇನ್ನೊಮ್ಮೆ ಬರೆಯೂ ಮುಂದ ನಿನ್ನ ಕೈ ತಡಿತೈತಿ. ನೀನ ನೋಡು," ಎಂದರು.

ಅಷ್ಟು ಹೇಳಲು ಅವರು ಮೂರು ಸಲ ಉಸಿರು ತೆಗೆದುಕೊಂಡರು. ನನಗೆ ಅವರಾಡಿದ ಕೊನೆಯ ಮಾತು ಅದು. ಹನ್ನೊಂದನ್ನೂ ನಾನು ನೋಡಿದೆ. ಯಾರೂ ತಕರಾರು ಮಾಡಲಿಲ್ಲ.

ಅವರನ್ನು ಜವಳಗೇರಾದಲ್ಲಿ ಮಣ್ಣು ಮಾಡಿದರು. ಲಿಂಗಸುಗೂರಿನ ಅಣ್ಣತಮ್ಮಂದಿರು ಬಂದಿದ್ದರು. ಹಟ್ಟಿಯವನು ಪಾಳಿ ಬದಲಿಸಿಕೊಂಡು ಬಂದಿದ್ದ. ಪರದೆಯ ಮೇಲೆ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಬಲ್ಲ ನಾವು, ಮುಖ ನೋಡಿ ಹೆಸರು ಕೇಳಿಕೊಂಡದ್ದು ಅಂದೇ ಮೊದಲು. ಮಸ್ಕಿಯ ಆಕೆ ತಂದೆಯ ಜೊತೆ ಬಂದು, ಹೆಂಗಸರ ನಡುವೆ ಸೇರದೆ ನಮ್ಮ ಪಕ್ಕದಲ್ಲೇ ನಿಂತಿದ್ದಳು.

ಎಲ್ಲ ಮುಗಿದು ಜನ ಚದುರುವಾಗ ಕಾಕಾನ ತಮ್ಮಂದಿರಲ್ಲಿ ಹಿರಿಯವರು ನಮ್ಮ ಬಳಿಗೆ ಬಂದರು. ಬೇರೆ ಬೇರೆ ಊರಿನ ಇಷ್ಟು ಮಂದಿಯನ್ನು ಕಂಡು ಅವರಿಗೆ ಅಚ್ಚರಿಯಾಗಿತ್ತು. ನೀವು ಅಣ್ಣನಿಗೆ ಏನಾಗಬೇಕು ಎಂದು ಕೇಳಿದರು. ಎಲ್ಲಿಂದ ಶುರುಮಾಡಲಿ ಎಂದು ನಾನು ತಡವರಿಸುತ್ತಿದ್ದೆ. ಆಟ, ಗ್ರೂಪ್, ವಿಡಿಯೋ, ಯಾವುದೂ ಆ ಹೊತ್ತಿಗೆ, ಆ ಜಾಗಕ್ಕೆ ಹೊಂದುವ ಮಾತಾಗಿರಲಿಲ್ಲ.

ಆಕೆಯೇ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

"ನಾವೆಲ್ಲಾ ಕಾಕಾನ ಕೈಕೆಳಗ ಕೆಲಸ ಮಾಡಿದವರ್ರೀ," ಎಂದಳು.