ಮಣೆ ಮೇಲೆ ಕೂತ ಹಾರ್ಡ್‌ಡಿಸ್ಕ್

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಅಂಗಡಿಯೊಂದರ ವೆಬ್‌ಸೈಟ್ ಅಲ್ಲಿನ ಕಂಪ್ಯೂಟರಿನಿಂದಲೇ ನಡೆಯುತ್ತಿತ್ತು. ಸಿ ಡ್ರೈವ್ ತುಂಬಿ ಉಸಿರು ಕಟ್ಟಿದ್ದರಿಂದ, ಸೈಟ್ ನೋಡಿಕೊಳ್ಳುವ ನಾನೇ ಅದರ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಿ, ಸರ್ವರಿಗೆ ಹೊಸ ಜಾಗ ತೋರಿಸಿ ಬಂದಿದ್ದೆ.

ಆಯುಧಪೂಜೆಯ ದಿನ ಸೈಟ್ ಸತ್ತಿದೆಯೆಂದು ಅಂಗಡಿಯ ಸಾಹುಕಾರರ ಕರೆ ಬಂತು. ಹೋಗಿ ನೋಡಿದರೆ, ಡಿಸ್ಕನ್ನು ಕಿತ್ತು ಕತ್ತರಿಗಳ ಪಕ್ಕ ಮಣೆ ಮೇಲೆ ಕೂರಿಸಿದ್ದಾರೆ! ಅದರ ಮೇಲಿಟ್ಟ, ಕುಂಕುಮ ಬಳಿದ ನಿಂಬೆಹೋಳಿನ ರಸ ಕೇಬಲ್ ಸಿಕ್ಕಿಸುವ ತೂತಿಗೇ ಇಳಿದಿತ್ತು. ತೆಗೆಯಲು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ! ಪೂಜಿ ಮಾಡಿದ ಆಯುಧ ನಾಳಿತನಕ ಮುಟ್ಟಂಗಿಲ್ಲ. ಅದಿಲ್ಲದ ನಡಸ್ರಿ," ಅಂದರು ಸಾಹುಕಾರರು.

ಅಂದವರೇ ಫೋನ್ ಕಿವಿಗಿಟ್ಟು, ಗಿರಾಕಿಗೆ ನನ್ನ ಮೇಲೆ ದೂರು ಹೇಳತೊಡಗಿದರು. ಥೂ! ಆ ಫೋನಿಗೆ ಮಾತ್ರ ಒಂದು ಚುಕ್ಕೆ ಕುಂಕುಮವೂ ಇರಲಿಲ್ಲ.